ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂಬ ಮಾತು ಕನ್ನಡಿಗರ ಮನೆಗಳಲ್ಲಿ ಬಹು ಹಳೆಯದು. ಅಲ್ಪ ಕಾರ್ಯಕ್ಕೆ ಮಹಾಸಾಧನವನ್ನು ಹೂಡುವವರನ್ನು ಕಂಡಾಗ ಹಿರಿಯರ ಬಾಯಿಂದ ಅದು ತಾನಾಗಿಯೇ ಹೊರಡುತ್ತದೆ. ತುಮಕೂರಿನಿಂದ ಸುಮಾರು 20 ಕಿಲೋಮೀಟರು ದೂರದ ಗುಬ್ಬಿ ಪಟ್ಟಣದಲ್ಲಿಯೇ ಈ ಮಾತು ಅಕ್ಷರಶಃ ನಿಜವಾಗುವ ಸಂದರ್ಭವೊಂದನ್ನು ಓದುಗರು ಕಲ್ಪಿಸಿಕೊಳ್ಳಬಹುದು.

ಮನೆಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ತಾತನ ಕಾಲದ ಫಿಯಟ್ ಕಾರು ನಿಂತಿದೆ. ತಾತ ಇಲ್ಲ, ಕಾರು ಉಳಿದಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗ ತಿಂಗಳಿಗೊಮ್ಮೆ ಬಂದು ಧೂಳು ಒರೆಸಿ, ಅಜ್ಜಿಯನ್ನು ಕೂರಿಸಿಕೊಂಡು ದೇವಸ್ಥಾನದವರೆಗೆ ಹೋಗಿ ಬರುತ್ತಾನೆ. ಈ ಸಲ ಹೊರಟಾಗ ಕಾರಿನ ಅಡಿಯಿಂದ ಕರ್ಕಶವಾದ ಸದ್ದು ಕೇಳಿಬಂದಿತು. ಬಗ್ಗಿ ನೋಡಿದರೆ ಸೈಲೆನ್ಸರಿನ ಹೊಟ್ಟೆ ತುಕ್ಕು ಹಿಡಿದು ಒಡೆದಿದೆ. ಮೊಮ್ಮಗನಿಗೆ ಚಿಂತೆಯಾಗಲಿಲ್ಲ, ಉತ್ಸಾಹವೇ ಆಯಿತು. ಲೋಟ ತೂರುವಷ್ಟು ಅಗಲವಾದ ಬಾಯಿಯುಳ್ಳ, ಫಳಫಳ ಹೊಳೆಯುವ ಸ್ಟೇನ್‌ಲೆಸ್ ಉಕ್ಕಿನ ಸೈಲೆನ್ಸರೊಂದನ್ನು ಅವನು ಆಗಲೇ ನೋಡಿಟ್ಟಿದ್ದ.

“ಇದನ್ನು ಹಾಕಿಸಿದರೆ ಕಾರು ಹುಲಿಯ ಹಾಗೆ ಗರ್ಜಿಸುತ್ತೆ ಅಜ್ಜಿ!” ಎಂದ.

“ಹುಲಿ ಸಾಕೋದಕ್ಕೆ ನಮ್ಮ ಮನೆಯಲ್ಲಿ ಜಾಗ ಎಲ್ಲಿದೆಯಪ್ಪಾ?” ಎಂದರು ಅಜ್ಜಿ. “ನಿಮ್ಮ ತಾತನ ಕಾರು ಬೀದಿ ತಿರುವಿಗೆ ಬಂದರೆ ನನಗೆ ತಿಳೀತಿತ್ತು. ಊರಿಗೆಲ್ಲ ತಿಳೀತಿರಲಿಲ್ಲ.”

ಇಂಥ ಸಂಭಾಷಣೆ ಹಳೆಯ ಕಾರುಗಳನ್ನು ಅಕ್ಕರೆಯಿಂದ ಉಳಿಸಿಕೊಂಡಿರುವ ಯಾವ ಮನೆಯಲ್ಲಾದರೂ ನಡೆಯಬಹುದು. ತಯಾರಕರು ಕೊಟ್ಟ ಸೈಲೆನ್ಸರು ಹಾಳಾದ ಮೇಲೆ ಬೇರೊಬ್ಬರು ಮಾಡಿದ್ದನ್ನು ಕೊಳ್ಳಲೇಬೇಕು. ಆದರೆ ಯಾವುದನ್ನು ಕೊಳ್ಳಬೇಕು, ಏತಕ್ಕಾಗಿ ಕೊಳ್ಳಬೇಕು ಎಂಬಲ್ಲಿ ವಿವೇಕವಿರಬೇಕು. ಏಕೆಂದರೆ ಇದು ಅಲಂಕಾರದ ಪ್ರಶ್ನೆಯಲ್ಲ. ಹಿಂದಿನ ಸೀಟಿನಲ್ಲಿ ಕುಳಿತವರ ಉಸಿರಿನ ಪ್ರಶ್ನೆ.

ಉಸಿರಿನ ದಾರಿ

ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ತಯಾರಾದ ಫಿಯಟ್ 1100 ಕಾರು ಮುಂದೆ 1970ರ ದಶಕದಲ್ಲಿ ‘ಪದ್ಮಿನಿ’ ಎಂಬ ಹೆಸರನ್ನು ತಳೆಯಿತು. ಅದರ ಎಂಜಿನ್ನಿನ ಗಾತ್ರ 1089 ಸಿ.ಸಿ.; ಸಿಲಿಂಡರುಗಳು ನಾಲ್ಕು; ಶಕ್ತಿ ನಲವತ್ತು ಅಶ್ವಶಕ್ತಿಗಿಂತ ತುಸು ಹೆಚ್ಚು. ಈ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರೊಳಗೆ ಸೆಕೆಂಡಿಗೆ 100 ಸ್ಫೋಟಗಳು ನಡೆಯುತ್ತವೆ. ಪ್ರತಿಯೊಂದು ಸ್ಫೋಟದ ಬಿಸಿಹೊಗೆಯೂ ಒತ್ತಡದಿಂದ ಹೊರಕ್ಕೆ ಚಿಮ್ಮುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಬೀದಿಯಲ್ಲಿ ಪಟಾಕಿಯ ಸರ ಹಚ್ಚಿದಂತಾಗುತ್ತದೆ.

ಈ ಹೊಗೆಯನ್ನು ಮೊದಲು ಮ್ಯಾನಿಫೋಲ್ಡು ಒಟ್ಟುಗೂಡಿಸುತ್ತದೆ. ಅಲ್ಲಿಂದ ಕೊಳವೆಯೊಂದು ಅದನ್ನು ಕಾರಿನ ಅಡಿಯಲ್ಲಿರುವ ಸೈಲೆನ್ಸರಿಗೆ ಒಯ್ಯುತ್ತದೆ. ಸೈಲೆನ್ಸರಿನ ಒಳಗಿರುವುದು ಸಣ್ಣ ಸಣ್ಣ ಕೋಣೆಗಳು ಮತ್ತು ರಂಧ್ರಗಳುಳ್ಳ ನಳಿಗೆಗಳು. ಶಬ್ದದ ಅಲೆಗಳು ಈ ಕೋಣೆಗಳ ಗೋಡೆಗೆ ಬಡಿದು ಹಿಂತಿರುಗಿ ಒಂದನ್ನೊಂದು ತಗ್ಗಿಸಿಕೊಳ್ಳುತ್ತವೆ. ಇನ್ನೊಂದು ಬಗೆಯ ಸೈಲೆನ್ಸರಿನಲ್ಲಿ ರಂಧ್ರಗಳುಳ್ಳ ನೇರವಾದ ನಳಿಗೆಯ ಸುತ್ತ ಗಾಜಿನ ನಾರನ್ನು ತುಂಬಿರುತ್ತಾರೆ; ಆ ನಾರು ಶಬ್ದವನ್ನು ಹೀರಿಕೊಳ್ಳುತ್ತದೆ. ಪೇಟೆಯಲ್ಲಿ ಗರ್ಜನೆಗೆಂದು ಮಾರುವ ಸೈಲೆನ್ಸರುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಕಾಲಕ್ರಮದಲ್ಲಿ ಬಿಸಿಗೆ ಈ ನಾರು ಸವೆದುಹೋಗಿ, ಕೊಂಡಾಗ ಇದ್ದುದಕ್ಕಿಂತಲೂ ಸದ್ದು ಹೆಚ್ಚುತ್ತದೆಂಬುದನ್ನು ಕೊಳ್ಳುವವರು ಮರೆಯಬಾರದು.

ಹಳೆಯ ಸೈಲೆನ್ಸರು ಒಡೆದದ್ದೇಕೆ? ಇದರ ಉತ್ತರ ವಿಚಿತ್ರವಾದರೂ ಸರಳ. ಒಂದು ಲೀಟರು ಪೆಟ್ರೋಲು ಉರಿದರೆ ಹತ್ತಿರ ಹತ್ತಿರ ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಕಾರು ದೂರದ ಪ್ರಯಾಣ ಮಾಡಿದರೆ ಕೊಳವೆಗಳು ಚೆನ್ನಾಗಿ ಕಾದು ಆವಿಯೆಲ್ಲ ಹೊರಬೀಳುತ್ತದೆ. ಮನೆಯಿಂದ ದೇವಸ್ಥಾನಕ್ಕೆ, ದೇವಸ್ಥಾನದಿಂದ ಮನೆಗೆ ಎಂಬಷ್ಟೇ ಓಡಾಟವಾದರೆ ಕೊಳವೆ ಕಾಯುವುದಕ್ಕೆ ಮೊದಲೇ ಎಂಜಿನ್ನು ನಿಲ್ಲುತ್ತದೆ. ಆವಿ ಸೈಲೆನ್ಸರಿನ ಹೊಟ್ಟೆಯಲ್ಲಿಯೇ ನೀರಾಗಿ ನಿಂತು, ಒಳಗಿನಿಂದ ತುಕ್ಕು ಹಿಡಿಸುತ್ತದೆ. ಅತಿ ದುಡಿಮೆಯಿಂದ ಸವೆಯುವ ಯಂತ್ರಗಳುಂಟು. ಸೈಲೆನ್ಸರು ಮಾತ್ರ ಅತಿ ವಿಶ್ರಾಂತಿಯಿಂದ ಸವೆಯುತ್ತದೆ! ಕೆಲವು ಸೈಲೆನ್ಸರುಗಳ ತಳದಲ್ಲಿ ಈ ನೀರು ಇಳಿದುಹೋಗಲೆಂದೇ ಸೂಜಿರಂಧ್ರವನ್ನು ಕೊರೆದಿರುತ್ತಾರೆ. ಅದನ್ನು ತೂತೆಂದು ಭ್ರಮಿಸಿ ಬೆಸುಗೆ ಹಾಕಿಸುವುದು ತಪ್ಪು.

ಇಟಲಿಯ ಚೇಳು

ಬೇರೆಯವರ ಸೈಲೆನ್ಸರನ್ನು ಕಾರಿಗೆ ಜೋಡಿಸುವ ಹವ್ಯಾಸ ಇಂದಿನದಲ್ಲ; ಅದರಲ್ಲಿಯೂ ಫಿಯಟ್ ಕಾರಿಗೂ ಈ ಹವ್ಯಾಸಕ್ಕೂ ಹಳೆಯ ನಂಟು. 1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಕಾರ್ಲೋ ಅಬಾರ್ಥ್ ಎಂಬ ಸಾಹಸಿ 1949ರಲ್ಲಿ ಇಟಲಿಯಲ್ಲಿ ತನ್ನದೇ ಸಂಸ್ಥೆಯನ್ನು ತೆರೆದ. ತನ್ನ ಜನ್ಮರಾಶಿಯಾದ ವೃಶ್ಚಿಕದ ಚೇಳನ್ನೇ ಗುರುತಾಗಿ ಇಟ್ಟುಕೊಂಡು, ಫಿಯಟ್‌ನ ಪುಟ್ಟ ಕಾರುಗಳಿಗೆ ಸೈಲೆನ್ಸರುಗಳನ್ನು ಮಾಡಿ ಮಾರಿದ. ಸಾಧಾರಣ ಸಂಸಾರಿಯೂ ತನ್ನ ಕಾರಿನಲ್ಲಿ ಪಂದ್ಯದ ಕಾರಿನ ದನಿಯನ್ನು ಕೇಳಬಹುದೆಂಬುದೇ ಅವನ ವ್ಯಾಪಾರದ ಗುಟ್ಟು. 1960ರ ದಶಕದ ಆರಂಭದ ಹೊತ್ತಿಗೆ ಅವನ ಕಾರ್ಖಾನೆಯಿಂದ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸೈಲೆನ್ಸರುಗಳು ಹೊರಬೀಳುತ್ತಿದ್ದವು. 1971ರಲ್ಲಿ ಫಿಯಟ್ ಸಂಸ್ಥೆಯೇ ಅದನ್ನು ಕೊಂಡುಕೊಂಡಿತು.

ಆದರೆ ಅಬಾರ್ಥ್ ಸೈಲೆನ್ಸರನ್ನು ಮಾತ್ರ ಬದಲಿಸಿ ಪಂದ್ಯಗಳನ್ನು ಗೆದ್ದವನಲ್ಲ. ಪಂದ್ಯದ ಕಾರುಗಳಿಗಾಗಿ ಅವನು ಎಂಜಿನ್ನನ್ನೇ ತಿದ್ದಿದ. ಒಳಕ್ಕೆಳೆಯುವ ಗಾಳಿ, ಬೆರೆಯುವ ಪೆಟ್ರೋಲು, ಹೊರಡುವ ಹೊಗೆ, ಈ ಮೂರೂ ಒಂದಕ್ಕೊಂದು ಹೊಂದಿಕೊಂಡಾಗಲೇ ಎಂಜಿನ್ನಿಗೆ ಬಲ ಬರುತ್ತದೆ. ಒಂದನ್ನೇ ಹಿಗ್ಗಿಸಿದರೆ ಫಲ ಅಲ್ಪ. ನಲವತ್ತು ಅಶ್ವಶಕ್ತಿಯ ಎಂಜಿನ್ನಿಗೆ ಹೊಸ ಸೈಲೆನ್ಸರಿನಿಂದ ಶೇಕಡಾ 5ರಷ್ಟು ಶಕ್ತಿ ಕೂಡಿತೆಂದೇ ಇಟ್ಟುಕೊಳ್ಳಿ. ಆಗಲೂ ದೊರೆತದ್ದು ಎರಡೇ ಕುದುರೆ. ದಾರಿಯಲ್ಲಿ ಸಿಕ್ಕ ಸೋದರಮಾವನನ್ನು ಹತ್ತಿಸಿಕೊಂಡರೆ ಆ ಕುದುರೆಗಳೆರಡೂ ಅವರನ್ನು ಎಳೆಯುವುದಕ್ಕೇ ಸರಿಹೋಗುತ್ತವೆ. ಕೊಳವೆ ಅಳತೆ ಮೀರಿ ಅಗಲವಾದರೆ ಹೊಗೆಯ ವೇಗ ಕುಂದಿ, ನಿಧಾನವಾಗಿ ಓಡುವಾಗ ಕಾರಿನ ಎಳೆತವೇ ತಗ್ಗುವುದುಂಟು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂದರೆ ಇದೇ.

ಕಾಣದ ಶತ್ರು

ಸದ್ದಿಗಿಂತ ಮುಖ್ಯವಾದುದು ಸೋರಿಕೆ. ಪೆಟ್ರೋಲಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಈಚಿನ ಕಾರುಗಳಲ್ಲಿ ಈ ಅನಿಲವನ್ನು ಬಹುಮಟ್ಟಿಗೆ ಇಲ್ಲವಾಗಿಸುವ ಸಾಧನವೊಂದು ಹೊಗೆಯ ದಾರಿಯಲ್ಲಿಯೇ ಇರುತ್ತದೆ. ಕಾರ್ಬ್ಯುರೇಟರಿನ ಕಾಲದ ಕಾರುಗಳಲ್ಲಿ ಅದಿಲ್ಲ. ಹೊಗೆ ತಪಾಸಣೆಯ ನಿಯಮವೂ ಹಳೆಯ ಕಾರುಗಳಿಗೆ ಈ ಅನಿಲವನ್ನು ಶೇಕಡಾ 3ರವರೆಗೆ ಮನ್ನಿಸುತ್ತದೆ. ಇಂಥ ಹೊಗೆ ಕಾರಿನ ಹಿಂದೆ ಬಯಲಿಗೆ ಹೋಗುವವರೆಗೆ ಗಾಳಿಯಲ್ಲಿ ಬೆರೆತು ಚದುರೀತು. ಕಾರಿನೊಳಕ್ಕೆ ನುಸುಳಿದರೆ ಪ್ರಾಣಾಂತಿಕವಾದೀತು.

ಹಳೆಯ ಕಾರಿನ ತಳದಲ್ಲಿ ತುಕ್ಕು ತಿಂದ ತೂತುಗಳಿರುತ್ತವೆ. ಡಿಕ್ಕಿಯ ಸುತ್ತಲಿನ ರಬ್ಬರು ಒಣಗಿ ಬಿರಿದಿರುತ್ತದೆ. ಕಾರು ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗುವುದರಿಂದ ಹೊಗೆ ಅಲ್ಲಿಯೇ ಸುಳಿದಾಡುತ್ತದೆ. ಕೊಳವೆಯ ಬಾಯಿ ಬಂಪರಿನಿಂದ ಒಳಗೆ ನಿಂತಿದ್ದರೆ ಅದು ಈ ಸಂದುಗಳಿಂದ ಹಿಂದಿನ ಸೀಟನ್ನು ಸೇರುತ್ತದೆ. ಪ್ರಯಾಣದಲ್ಲಿ ಅಜ್ಜಿಗೆ ತಲೆನೋವು ಬಂದರೆ ಬಿಸಿಲೆಂದೂ, ಮಗುವಿಗೆ ವಾಕರಿಕೆಯಾದರೆ ತಿಂದ ತಿಂಡಿಯೆಂದೂ, ಎಲ್ಲರೂ ತೂಕಡಿಸಿದರೆ ಆಯಾಸವೆಂದೂ ಭಾವಿಸುವುದು ಸಹಜ. ಹಳೆಯ ಕಾರಿನಲ್ಲಿ ಈ ಮೂರೂ ಒಟ್ಟಿಗೆ ಕಂಡುಬಂದರೆ ತಡಮಾಡದೆ ಕಾರನ್ನು ನಿಲ್ಲಿಸಿ, ಎಲ್ಲರನ್ನೂ ಇಳಿಸಿ ಗಾಳಿಗೆ ಕೂರಿಸಬೇಕು. ಚೇತರಿಕೆ ಕಾಣದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನನ್ನು ಓಡಿಸುವುದಂತೂ ಸರ್ವಥಾ ಕೂಡದು.

ಜೋಡಿಸುವ ಕ್ರಮ

ಮೊದಲನೆಯ ನಿಯಮ: ಹೊಸದು ಬಂದು ಕೂರುವವರೆಗೆ ಹಳೆಯದನ್ನು ಗುಜರಿಗೆ ಹಾಕಬಾರದು. ಕೊಳವೆಯ ಬಾಗು, ಉದ್ದ, ಒಳವ್ಯಾಸ, ಕೊಂಡಿಗಳ ಸ್ಥಾನ ಇವೆಲ್ಲಕ್ಕೂ ಹಳೆಯದೇ ಮೂಲಪ್ರತಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿದ್ಧವಾದುದು ಸಿಕ್ಕದಿದ್ದರೂ ಹಳೆಯದರ ಅಳತೆಗೆ ಹೊಸದನ್ನು ಮಾಡಿಕೊಡಬಲ್ಲ ಕುಶಲಿಗಳುಂಟು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿಸುವುದು ತಪ್ಪಲ್ಲ. ಅದು ಬಹುಕಾಲ ಬಾಳುತ್ತದೆ. ಲೋಹ ಹೊಸದಾಗಲಿ, ಅಳತೆ, ಕೋಣೆಗಳ ರಚನೆ ಹಳೆಯದಾಗಿರಲಿ.

ಕೆಲಸಕ್ಕೆ ಕಾರನ್ನು ಸಮನೆಲದ ಮೇಲೆ ನಿಲ್ಲಿಸಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಷ್ಟೇ ಅವಸರವಿದ್ದರೂ ತಲೆ ತೂರಿಸಬಾರದು. ಗಟ್ಟಿಯಾದ ಸ್ಟ್ಯಾಂಡುಗಳ ಆಸರೆ ಇರಲೇಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು. ಬಲಾತ್ಕಾರ ಮಾಡಿದರೆ ಮ್ಯಾನಿಫೋಲ್ಡಿನ ಸ್ಟಡ್ಡು ಮುರಿದು, ನೂರರ ಕೆಲಸ ಸಾವಿರದ್ದಾಗುತ್ತದೆ. ಗ್ಯಾಸ್ಕೆಟ್ಟು, ಕ್ಲಾಂಪು, ತೂಗುರಬ್ಬರು ಇವು ಮೂರನ್ನೂ ಹೊಸದಾಗಿಯೇ ಹಾಕಬೇಕು. ಎಲ್ಲ ಭಾಗಗಳನ್ನೂ ಮೊದಲು ಸಡಿಲವಾಗಿ ತೂಗುಹಾಕಿ, ಕೊಳವೆ ಬ್ರೇಕಿನ ನಳಿಗೆಗಾಗಲಿ, ಪೆಟ್ರೋಲಿನ ನಳಿಗೆಗಾಗಲಿ, ಕಾರಿನ ತಳಕ್ಕಾಗಲಿ ತಾಗದಂತೆ ಹೊಂದಿಸಿ, ಆಮೇಲೆ ಎಂಜಿನ್ನಿನ ಕಡೆಯಿಂದ ಆರಂಭಿಸಿ ಹಿಂದಕ್ಕೆ ಒಂದೊಂದನ್ನೇ ಬಿಗಿಯುತ್ತ ಬರಬೇಕು. ಕೊಳವೆಯ ಬಾಯಿ ಬಂಪರನ್ನು ದಾಟಿ ಹೊರಗೆ ಬಂದಿರಬೇಕು.

ಪರೀಕ್ಷೆ ಬಯಲಿನಲ್ಲಿಯೇ ಆಗಬೇಕು. ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿ, ಕೀಲುಗಳಿಗೆ ಸಾಬೂನಿನ ನೀರನ್ನು ಸವರಿದರೆ ಸೋರುವಲ್ಲಿ ಗುಳ್ಳೆಗಳೇಳುತ್ತವೆ. ದಪ್ಪ ಬಟ್ಟೆಯಿಂದ ಕೊಳವೆಯ ಬಾಯನ್ನು ಕ್ಷಣಕಾಲ ಅದುಮಿದರೆ ಬಿರುಕಿದ್ದಲ್ಲಿ ‘ಬುಸ್’ ಎಂಬ ಸದ್ದು ಕೇಳುತ್ತದೆ. ಇಷ್ಟಾದ ಮೇಲೆ ತುಮಕೂರಿನವರೆಗೆ ಹೋಗಿ ಬಂದು, ಕಾರು ಪೂರ್ತಿ ತಣಿದ ನಂತರ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಮೊದಲ ಓಟದಲ್ಲಿ ಬಣ್ಣ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಎರಡನೆಯ, ಮೂರನೆಯ ಓಟದಲ್ಲಿಯೂ ಬಂದರೆ ಮೇಸ್ತ್ರಿಯನ್ನು ಕರೆಯಬೇಕು.

ಕಾನೂನಿನ ಕಿವಿ

ಶಬ್ದವನ್ನು ತಗ್ಗಿಸುವ ಸೈಲೆನ್ಸರು ಪ್ರತಿಯೊಂದು ಮೋಟಾರು ವಾಹನಕ್ಕೂ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಶಬ್ದದ ಮಿತಿಯನ್ನು ಮೀರಿದರೆ 2019ರ ತಿದ್ದುಪಡಿಯಂತೆ ಮೊದಲನೆಯ ಅಪರಾಧಕ್ಕೇ 10,000 ರೂಪಾಯಿಗಳವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಲೈಸೆನ್ಸು ಹೊಂದುವ ಅರ್ಹತೆಯೂ ಹೋಗುತ್ತದೆ.

ಇನ್ನೊಂದು ಮಾತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲಸ್ವರೂಪವನ್ನು ಉಳಿಸಿಕೊಂಡ ಕಾರುಗಳಿಗೆ 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ‘ವಿಂಟೇಜ್’ ಎಂಬ ಪ್ರತ್ಯೇಕ ಮಾನ್ಯತೆಯನ್ನು ಕಲ್ಪಿಸಿತು. ಅಂಥ ಕಾರಿನ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ನೋಂದಣಿ ಹತ್ತು ವರ್ಷಗಳವರೆಗೆ ಊರ್ಜಿತ. ಆದರೆ ಚಾಸಿ, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸಿರಕೂಡದು. ದಿನನಿತ್ಯದ ಓಡಾಟಕ್ಕೂ ಅದನ್ನು ಬಳಸುವಂತಿಲ್ಲ. ಹಳತನ್ನು ಹಳತಾಗಿಯೇ ಉಳಿಸಿದವರಿಗೆ ಮನ್ನಣೆಯೆಂಬುದೇ ಈ ನಿಯಮಗಳ ತಿರುಳು.

ಗುಬ್ಬಿಯವರಿಗೆ ದನಿಯ ಮರ್ಮವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1884ರಲ್ಲಿ ಈ ಊರಿನಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರಿಂದ ನಾಡೆಲ್ಲ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘದ ನಟರು ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ಮಾತನ್ನು ಮುಟ್ಟಿಸಬೇಕಾಗಿತ್ತು. ಅದಕ್ಕೆ ಬೇಕಾದದ್ದು ಅರಚಾಟವಲ್ಲ, ಹದವಾದ ಕಂಠ. ರಾಜನ ಪಾತ್ರಕ್ಕೆ ರಾಜನ ದನಿ, ಸೇವಕನಿಗೆ ಸೇವಕನ ದನಿ. 1089 ಸಿ.ಸಿ. ಎಂಜಿನ್ನಿಗೂ ಅದರದೇ ಒಂದು ದನಿಯಿದೆ.

ಕಲ್ಪನೆಯ ಆ ಮೊಮ್ಮಗ ಕೊನೆಗೆ ಏನು ಮಾಡಿದನೆಂಬುದನ್ನು ಓದುಗರೇ ನಿರ್ಧರಿಸಬಹುದು. ಅವನು ಹಳೆಯ ಅಳತೆಗೇ ಹೊಸ ಸೈಲೆನ್ಸರನ್ನು ಮಾಡಿಸಿ, ಕೀಲುಗಳನ್ನು ಭದ್ರವಾಗಿ ಬಿಗಿಸಿ, ಸಂಜೆ ಕಾರನ್ನು ಮನೆಗೆ ತಂದನೆಂದೇ ಇಟ್ಟುಕೊಂಡರೆ, ಬೀದಿಯಲ್ಲಿ ಯಾರೂ ತಲೆಯೆತ್ತಿ ನೋಡಿರಲಾರರು. ಆದರೆ ಒಳಗೆ ದೀಪ ಹಚ್ಚುತ್ತಿದ್ದ ಅಜ್ಜಿ ಮಾತ್ರ, ಕಾರು ತಿರುವಿಗೆ ಬರುತ್ತಲೇ, ಕೈಯಲ್ಲಿದ್ದ ಬತ್ತಿಯನ್ನು ಹಾಗೆಯೇ ಹಿಡಿದು ಬಾಗಿಲಿಗೆ ಬಂದಿರುತ್ತಾರೆ.