ಪ್ರೇಕ್ಷಕರ ಗದ್ದಲವೂ ಆಟದ ಮರ್ಯಾದೆಯೂ

ಬಲಾಢ್ಯವೆಂದು ಜಗತ್ತೆಲ್ಲವೂ ಒಪ್ಪಿಕೊಂಡಿರುವ ರಾಷ್ಟ್ರವೊಂದರ ಆಟಗಾರರು ಪರದೇಶದ ಅಂಗಣಕ್ಕೆ ಇಳಿದಾಗ, ಅಲ್ಲಿ ನೆರೆದ ಸಹಸ್ರಾರು ಜನರು ಒಕ್ಕೊರಲಿನಿಂದ ಅವರ ಪರಾಭವವನ್ನು ಹಾರೈಸುವುದು ಹೊಸ ಸಂಗತಿಯೇನೂ ಅಲ್ಲ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ ಕೂಟದ ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಅಮೇರಿಕಾ ತಂಡಕ್ಕೆ ಒದಗಿದ ಸ್ವಾಗತವು ಇಂಥ ಸಾಮಾನ್ಯ ಹಾರೈಕೆಯ ಎಲ್ಲೆಯನ್ನು ಮೀರಿದ್ದಾಗಿತ್ತು. ಅಲ್ಲಿ ಜನರ ರೋಷವು ಒಂದು ತಂಡದ ಮೇಲೆ ಅಷ್ಟಾಗಿ ಇರದೆ ಒಬ್ಬ ಮನುಷ್ಯನ ಮೇಲೆ ತಿರುಗಿದ್ದಿತು. ಕೂಟವು ಮುಗಿದುಹೋದರೂ ಅದು ಎತ್ತಿದ ಪ್ರಶ್ನೆಯು ಮುಗಿದಿಲ್ಲ. ಆಟದ ಅಂಗಣದಲ್ಲಿ ದೇಶಾಭಿಮಾನವು ಎಲ್ಲಿಯವರೆಗೆ ಗುಣವಾಗಿರುತ್ತದೆ, ಎಲ್ಲಿಂದ ದೋಷವಾಗುತ್ತದೆ ಎಂಬುದು ನಮ್ಮ ವಾಚಕರೂ ವಿಚಾರಮಾಡತಕ್ಕ ವಿಷಯವಾಗಿದೆ.

ಮೊದಲು ಸಂಗತಿಗಳನ್ನು ನೋಡೋಣ. ಜೋಯೆಲ್ ಎಂಬೀಡ್ ಎಂಬವರು 1994ರಲ್ಲಿ ಆಫ್ರಿಕಾ ಖಂಡದ ಕ್ಯಾಮರೂನ್ ದೇಶದಲ್ಲಿ ಜನಿಸಿದರು. ಹದಿನಾರು ವರ್ಷದ ಬಾಲಕರಾಗಿ ಅಮೇರಿಕೆಗೆ ಬಂದು, ಅಲ್ಲಿಯೇ ಬೆಳೆದು, ಅಲ್ಲಿಯ ವೃತ್ತಿಪರ ಆಟಗಾರರಲ್ಲಿ ಅಗ್ರಗಣ್ಯರೆನಿಸಿದರು. 2022ರಲ್ಲಿ ಅವರಿಗೆ ಫ್ರಾನ್ಸ್ ದೇಶದ ಪೌರತ್ವವು ದೊರೆಯಿತು. ಅದೇ ವರ್ಷದಲ್ಲಿ ಅಮೇರಿಕೆಯ ಪೌರತ್ವವೂ ಲಭಿಸಿತು. ಅವರು ಫ್ರಾನ್ಸಿನ ಪರವಾಗಿ ಆಡುವರೆಂಬ ಆಶೆಯು ಫ್ರೆಂಚರಲ್ಲಿ ಬಲವಾಗಿದ್ದಿತು. 2023ರ ಅಕ್ಟೋಬರಿನಲ್ಲಿ ಅವರು ಅಮೇರಿಕೆಯನ್ನು ಆರಿಸಿಕೊಂಡರು. ತಮ್ಮ ಮಗನು ಅಮೇರಿಕೆಯವನು, ತಮ್ಮ ಸಂಸಾರವು ನೆಲೆಯಾದದ್ದು ಅಲ್ಲಿ, ಎಂಬುದು ಅವರು ಕೊಟ್ಟ ಕಾರಣ. ಫ್ರೆಂಚ್ ಜನರು ಇದನ್ನು ಮರೆಯಲಿಲ್ಲ. 2024ರ ಜುಲೈ 28ರಂದು ಲೀಲ್ ನಗರದ ಬಳಿಯ ಕ್ರೀಡಾಂಗಣದಲ್ಲಿ ಸರ್ಬಿಯಾದೊಡನೆ ನಡೆದ ಮೊದಲನೆಯ ಪಂದ್ಯದಿಂದ ಹಿಡಿದು, ಆಗಸ್ಟ್ 10ರಂದು ಪ್ಯಾರಿಸಿನ ಬೆರ್ಸಿ ಕ್ರೀಡಾಮಂದಿರದಲ್ಲಿ ಫ್ರಾನ್ಸಿನೊಡನೆಯೇ ನಡೆದ ಅಂತಿಮ ಪಂದ್ಯದವರೆಗೆ, ಎಂಬೀಡರ ಕೈಗೆ ಚೆಂಡು ಬಂದಾಗಲೆಲ್ಲ ಕ್ರೀಡಾಂಗಣವು ಧಿಕ್ಕಾರದ ಕೂಗಿನಿಂದ ತುಂಬುತ್ತಿದ್ದಿತು. ಅವರಾದರೋ ಕಿವಿಗೆ ಕೈಯೊಡ್ಡಿ, ಇನ್ನೂ ಗಟ್ಟಿಯಾಗಿ ಕೂಗಿರೆಂದು ಸನ್ನೆಮಾಡಿದರು.

ಬಲಿಷ್ಠನಿಗೆ ವಿರೋಧವಾಗಿ ದುರ್ಬಲನ ಪಕ್ಷವನ್ನು ಹಿಡಿಯುವುದು ಮನುಷ್ಯಸ್ವಭಾವದ ಒಂದು ಒಳ್ಳೆಯ ಅಂಶವೆಂದೇ ನಾವು ಎಣಿಸುತ್ತೇವೆ. ಗೆದ್ದೆತ್ತಿನ ಬಾಲ ಹಿಡಿಯುವವರ ಗುಂಪಿಗಿಂತ ಸೋಲುವ ಎತ್ತಿನ ಬೆನ್ನು ಚಪ್ಪರಿಸುವವರ ಗುಂಪು ಮೇಲು. ಒಲಿಂಪಿಕ್ ಕೂಟದಲ್ಲಿ ಪುರುಷರ ಬಾಸ್ಕೆಟ್‌ಬಾಲ್ 1936ರಲ್ಲಿ ಆರಂಭವಾದಂದಿನಿಂದ 2024ರವರೆಗೆ ಅಮೇರಿಕೆಯು ಭಾಗವಹಿಸಿದ 20 ಕೂಟಗಳಲ್ಲಿ 17 ಸುವರ್ಣಪದಕಗಳನ್ನು ಗೆದ್ದುಕೊಂಡಿದೆ. ಇಷ್ಟು ಗೆದ್ದವರು ಒಮ್ಮೆ ಸೋಲಲಿ ಎಂದು ಜಗತ್ತು ಬಯಸಿದರೆ ಅದರಲ್ಲಿ ವಿಷವೇನೂ ಇಲ್ಲ. ಆ ಕೂಟಕ್ಕೆ ಮುಂಚೆ 2024ರ ಜುಲೈ 20ರಂದು ಲಂಡನ್ನಿನಲ್ಲಿ ನಡೆದ ಸ್ನೇಹಪಂದ್ಯದಲ್ಲಿ ದಕ್ಷಿಣ ಸುಡಾನ್ ತಂಡವು ಅಮೇರಿಕೆಯನ್ನು ಒಂದೇ ಅಂಕದ ಅಂತರಕ್ಕೆ ತಂದು, 101–100ರಿಂದ ಸೋತಾಗ, ಯಾವ ಸಹೃದಯನು ತಾನೆ ಆ ಬಡರಾಷ್ಟ್ರಕ್ಕಾಗಿ ಮರುಗಲಿಲ್ಲ? 2011ರಲ್ಲಿ ಸ್ವಾತಂತ್ರ್ಯವನ್ನು ಪಡೆದ ನಾಡು ಅದು. ಲೀಲಿನಲ್ಲಿ ಅದರ ಮೊದಲನೆಯ ಪಂದ್ಯಕ್ಕೆ ಮುಂಚೆ ವ್ಯವಸ್ಥಾಪಕರು ಪ್ರಮಾದದಿಂದ ಸುಡಾನಿನ ರಾಷ್ಟ್ರಗೀತೆಯನ್ನು ನುಡಿಸಿಬಿಟ್ಟಾಗ, ಸರಿಯಾದ ಗೀತೆಯು ಬರುವವರೆಗೆ ಕಾದು ನಿಂತ ಆ ಆಟಗಾರರನ್ನು ಕರತಾಡನದಿಂದ ಸಂತೈಸಿದವರು ಇದೇ ಫ್ರೆಂಚ್ ಅಂಗಣದ ಪ್ರೇಕ್ಷಕರು. ಆದ್ದರಿಂದ ಅಲ್ಲಿಯ ಜನರು ಹೃದಯಹೀನರೆಂದು ಹೇಳುವುದು ಅನ್ಯಾಯವಾದೀತು. ತಮ್ಮ ತಂಡಕ್ಕಾಗಿ ಗಂಟಲು ಬಿರಿಯುವಂತೆ ಕೂಗುವುದೂ, ಎದುರಾಳಿಯ ಎದೆ ನಡುಗುವಂತೆ ಗದ್ದಲ ಮಾಡುವುದೂ ಪ್ರೇಕ್ಷಕನ ಹಕ್ಕೆಂದೇ ಭಾವಿಸೋಣ. ಟಿಕೆಟಿಗೆ ಹಣ ಕೊಟ್ಟವನು ಮೌನವ್ರತ ಹಿಡಿಯಬೇಕೆಂದು ಯಾರೂ ಹೇಳಲಾರರು.

ಆದರೆ ಎದುರಾಳಿಯನ್ನು ವಿರೋಧಿಸುವುದು ಒಂದು. ಒಬ್ಬನ ಪೌರತ್ವವನ್ನು ದ್ರೋಹವೆಂದು ಹಳಿಯುವುದು ಮತ್ತೊಂದು. ಎಂಬೀಡರು ಮಾಡಿದ ತಪ್ಪಾದರೂ ಏನು? ಹದಿನಾರು ವರ್ಷ ತುಂಬಿದ ಮೇಲೆ ಹೊಸ ಪೌರತ್ವವನ್ನು ಪಡೆದ ಒಬ್ಬ ಆಟಗಾರನನ್ನು ಪ್ರತಿಯೊಂದು ರಾಷ್ಟ್ರೀಯ ತಂಡವೂ ಸೇರಿಸಿಕೊಳ್ಳಬಹುದೆಂದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮವೇ ಹೇಳುತ್ತದೆ. ಅವರು ಫ್ರಾನ್ಸಿನಲ್ಲಿ ಹುಟ್ಟಿದವರಲ್ಲ, ಅಲ್ಲಿ ಆಟವನ್ನು ಕಲಿತವರೂ ಅಲ್ಲ. ಎರಡು ದೇಶಗಳು ಬಾಗಿಲು ತೆರೆದಾಗ ತಮ್ಮ ಮನೆಯಿದ್ದ ಕಡೆಯ ಬಾಗಿಲನ್ನು ಹೊಕ್ಕರು. ಫ್ರಾನ್ಸು ಕೊಟ್ಟ ಪೌರತ್ವವನ್ನು ಸ್ವೀಕರಿಸಿ ಅನಂತರ ಅದರ ಎದುರಿಗೇ ನಿಂತುದು ಫ್ರೆಂಚರ ಮನಸ್ಸನ್ನು ನೋಯಿಸಿತೆಂಬುದನ್ನು ನಾವು ಬಲ್ಲೆವು. ಕೊಟ್ಟವನಿಗೆ ನೋವಾಗುವುದು ಸಹಜ. ಆದರೆ ಪೌರತ್ವವು ಸಾಲಪತ್ರವಲ್ಲ. ಅದನ್ನು ಕೊಟ್ಟ ರಾಷ್ಟ್ರವು ಪ್ರತಿಫಲವಾಗಿ ಪದಕವನ್ನು ಕೇಳತೊಡಗಿದರೆ, ಪೌರತ್ವದ ಗೌರವವೇ ಸಂತೆಯ ಸರಕಿನ ಮಟ್ಟಕ್ಕೆ ಇಳಿಯುತ್ತದೆ.

ಇದೇ ಮಾತನ್ನು ಇನ್ನೊಂದು ಕಡೆಯಿಂದ ಪರೀಕ್ಷಿಸಬಹುದು. ಪುರುಷರ ಪಂದ್ಯವು ಮುಗಿದ ಮರುದಿನ, ಅದೇ ಬೆರ್ಸಿಯಲ್ಲಿ, ಮಹಿಳೆಯರ ಅಂತಿಮ ಪಂದ್ಯದಲ್ಲಿ ಅಮೇರಿಕೆಯೂ ಫ್ರಾನ್ಸೂ ಎದುರುಬದುರಾದವು. ಕೊನೆಯ ಕ್ಷಣದಲ್ಲಿ ಫ್ರಾನ್ಸಿನ ಗ್ಯಾಬಿ ವಿಲಿಯಮ್ಸರು ಎಸೆದ ಚೆಂಡು ಬುಟ್ಟಿಗೆ ಬಿತ್ತು. ಅವರ ಪಾದವು ಗೆರೆಯನ್ನು ಸೋಕಿದ್ದರಿಂದ ಮೂರರ ಬದಲು ಎರಡೇ ಅಂಕಗಳು ಸಂದವು. ಅಮೇರಿಕೆಯು 67–66ರಿಂದ ಗೆದ್ದಿತು. ಆ ಒಂದು ಕ್ಷಣದಲ್ಲಿ ಫ್ರಾನ್ಸಿನ ಆಶೆಯನ್ನೆಲ್ಲ ಕೈಯಲ್ಲಿ ಹಿಡಿದಿದ್ದ ವಿಲಿಯಮ್ಸರು ಹುಟ್ಟಿದ್ದು ಎಲ್ಲಿ? ಅಮೇರಿಕೆಯ ನೆವಾಡಾ ಸಂಸ್ಥಾನದಲ್ಲಿ. ತಾಯಿಯ ಕಡೆಯ ಸಂಬಂಧದಿಂದ ಫ್ರಾನ್ಸಿನ ಪ್ರಜೆಯಾಗಿ, ಆ ದೇಶಕ್ಕಾಗಿ ಅವರು ಮನಃಪೂರ್ವಕವಾಗಿ ಆಡಿದರು. ಜನರು ಅವರನ್ನು ತಮ್ಮ ಮಗಳೆಂದೇ ಕೊಂಡಾಡಿದರು. ಹಾಗೆ ಕೊಂಡಾಡಿದ್ದು ಸರಿಯಾದ ಕೆಲಸವೇ. ಆದರೆ ಅಮೇರಿಕೆಯಲ್ಲಿ ಹುಟ್ಟಿದವಳು ಫ್ರಾನ್ಸನ್ನು ಆರಿಸಿಕೊಂಡರೆ ನಿಷ್ಠೆ, ಕ್ಯಾಮರೂನಿನಲ್ಲಿ ಹುಟ್ಟಿದವನು ಅಮೇರಿಕೆಯನ್ನು ಆರಿಸಿಕೊಂಡರೆ ದ್ರೋಹ ಎಂಬುದು ಯಾವ ನ್ಯಾಯ? ತಕ್ಕಡಿಯು ಎರಡು ಕಡೆಗೂ ಒಂದೇ ಆಗಿರಬೇಕಷ್ಟೆ.

ಇನ್ನು ಗದ್ದಲದಿಂದ ಸಿದ್ಧಿಸಿದ ಫಲವಾದರೂ ಏನು ಎಂಬುದನ್ನು ವಿಚಾರಿಸೋಣ. 2020ರ ಟೋಕಿಯೋ ಕೂಟವು ಮಹಾಮಾರಿಯ ನಿಮಿತ್ತ 2021ರಲ್ಲಿ ಪ್ರೇಕ್ಷಕರಿಲ್ಲದ ಅಂಗಣಗಳಲ್ಲಿ ನಡೆಯಿತು. ಅಲ್ಲಿ ಆರಂಭದ ಪಂದ್ಯದಲ್ಲಿಯೇ ಫ್ರಾನ್ಸು ಅಮೇರಿಕೆಯನ್ನು 83–76ರಿಂದ ಸೋಲಿಸಿದ್ದಿತು; ಕೂಗುವವರು ಒಬ್ಬರೂ ಇರಲಿಲ್ಲ. 2019ರಲ್ಲಿ ಚೀನಾದಲ್ಲಿ ನಡೆದ ವಿಶ್ವಕಪ್ಪಿನಲ್ಲಿಯೂ ಫ್ರಾನ್ಸು 89–79ರಿಂದ ಗೆದ್ದಿದ್ದಿತು, ಅದೂ ಪರದೇಶದಲ್ಲಿ. ತನ್ನದೇ ರಾಜಧಾನಿಯಲ್ಲಿ, ತನ್ನದೇ ಜನರ ಸಿಂಹನಾದದ ನಡುವೆ, ಅದೇ ಫ್ರಾನ್ಸು 98–87ರಿಂದ ಸೋತಿತು. ವೆಂಬಾನ್ಯಾಮಾ ಎಂಬ ತರುಣ ಆಟಗಾರರು 26 ಅಂಕಗಳನ್ನು ಗಳಿಸಿ ವೀರೋಚಿತವಾಗಿ ಹೋರಾಡಿದರು. ಕೊನೆಯ ಕೆಲವು ನಿಮಿಷಗಳಲ್ಲಿ ಅಂತರವು ಮೂರು ಅಂಕಗಳಿಗೆ ಇಳಿದಾಗ ಅಂಗಣದ ಕೂಗು ಮುಗಿಲು ಮುಟ್ಟಿತು. ಆಗ ಸ್ಟೀಫನ್ ಕರ್ರಿಯವರು ಗೆರೆಯಾಚೆಯಿಂದ ಒಂದಾದ ಮೇಲೊಂದರಂತೆ ಚೆಂಡನ್ನು ಬುಟ್ಟಿಗೆ ಹಾಕಿ, ಕೆನ್ನೆಗೆ ಕೈಯಿಟ್ಟು, ಇನ್ನು ಮಲಗಿಕೊಳ್ಳಿರಿ ಎಂದು ಸನ್ನೆಮಾಡಿದರು. ಆ ಪಂದ್ಯದಲ್ಲಿ ಅಂಥ ದೂರದ ಎಸೆತಗಳು ಅವರಿಂದ 8 ಆದವು. ಎರಡು ದಿನ ಮುಂಚೆ ಸರ್ಬಿಯಾದೊಡನೆ 17 ಅಂಕಗಳ ಹಿಂದೆ ಬಿದ್ದಿದ್ದ ಅಮೇರಿಕೆಯು 95–91ರಿಂದ ಪಾರಾದಾಗಲೂ, ಯಾರನ್ನು ಜನರು ಹಳಿಯುತ್ತಿದ್ದರೋ ಆ ಎಂಬೀಡರೇ 19 ಅಂಕಗಳನ್ನು ಗಳಿಸಿದ್ದರು. ಧಿಕ್ಕಾರವು ಅವರನ್ನು ಕುಗ್ಗಿಸುವುದಕ್ಕೆ ಬದಲಾಗಿ ಕೆರಳಿಸಿತೆಂದೇ ಕಾಣುತ್ತದೆ.

ಹಿಂದಿನ ಚರಿತ್ರೆಯೂ ಇದನ್ನೇ ಸಾರುತ್ತದೆ. 2010ರಲ್ಲಿ ತುರ್ಕಿಯು ತನ್ನ ನೆಲದಲ್ಲಿ ನಡೆದ ವಿಶ್ವ ಚಾಂಪಿಯನ್ ಕೂಟದ ಉಪಾಂತ್ಯದಲ್ಲಿ ಸರ್ಬಿಯಾವನ್ನು 83–82ರಿಂದ ಗೆದ್ದು ಅಂತಿಮ ಪಂದ್ಯಕ್ಕೆ ಬಂದಾಗ ಇಸ್ತಾಂಬುಲ್ ನಗರವೇ ಉನ್ಮತ್ತವಾಗಿದ್ದಿತು. ಆದರೂ ಅಂತಿಮ ಪಂದ್ಯದಲ್ಲಿ ಅಮೇರಿಕೆಯ ಕೆವಿನ್ ಡ್ಯುರಾಂಟರು 28 ಅಂಕಗಳನ್ನು ಗಳಿಸಲು, ಆ ತಂಡವು 81–64ರಿಂದ ಗೆದ್ದಿತು. 2007ರಲ್ಲಿ ವಿಶ್ವವಿಜೇತವಾಗಿದ್ದ ಸ್ಪೇನು ಯೂರೋಪಿನ ಕಿರೀಟಕ್ಕಾಗಿ ತನ್ನ ರಾಜಧಾನಿ ಮಾಡ್ರಿಡ್ಡಿನಲ್ಲಿಯೇ ಆಡಿ, ರಷ್ಯಾದ ಮುಂದೆ 60–59ರಿಂದ ಸೋತಿತು. ಆ ಕೊನೆಯ ಗೆಲುವಿನ ಎಸೆತವನ್ನು ಎಸೆದ ಹೋಲ್ಡನ್ ಎಂಬವರು ಅಮೇರಿಕೆಯಲ್ಲಿ ಹುಟ್ಟಿ ರಷ್ಯಾದ ಪೌರತ್ವವನ್ನು ಪಡೆದವರಾಗಿದ್ದರು! ಜನಬೆಂಬಲವು ತನ್ನವರಿಗೆ ಉತ್ಸಾಹವನ್ನು ಕೊಡಬಲ್ಲದೆಂಬುದು ನಿಜ; 2020ರಲ್ಲಿ ಬರಿದಾದ ಅಂಗಣಗಳಲ್ಲಿ ಕಾಲ್ಚೆಂಡಿನ ಪಂದ್ಯಗಳು ನಡೆದಾಗ ಸ್ವಸ್ಥಳದ ತಂಡಗಳ ಅನುಕೂಲ್ಯವು ಅನೇಕ ಕಡೆ ಕುಗ್ಗಿದ್ದು ಕಂಡುಬಂದಿದೆ. ಆದರೆ ಉತ್ಸಾಹವನ್ನು ಕೊಡುವುದು ಬೆಂಬಲ, ಹಳಿಯುವಿಕೆಯಲ್ಲ. ತನ್ನವನನ್ನು ಹುರಿದುಂಬಿಸಬೇಕಾದ ಗಂಟಲನ್ನು ಪರರನ್ನು ಜರೆಯುವುದಕ್ಕೆ ವ್ಯಯಮಾಡುವುದು ಕೈಲಾಗದವನು ಮೈ ಪರಚಿಕೊಂಡ ಬಗೆಯ ಕೆಲಸ.

ಬಲಿಷ್ಠ ತಂಡಕ್ಕೂ ಒಂದು ಮಾತು ಸಲ್ಲುತ್ತದೆ. ಪರದೇಶದಲ್ಲಿ ಪ್ರೀತಿಯನ್ನು ಬೇಡುವ ಅಧಿಕಾರವು ವಿಜಯಿಗೆ ಇಲ್ಲ. 1972ರ ಮ್ಯೂನಿಕ್ ಕೂಟದಲ್ಲಿ ಕೊನೆಯ ಮೂರು ಸೆಕೆಂಡುಗಳನ್ನು ಪುನಃ ಆಡಿಸಿದ್ದರಿಂದ ಸೋವಿಯತ್ ತಂಡಕ್ಕೆ 51–50ರಿಂದ ಸೋತ ಅಮೇರಿಕದ ಆಟಗಾರರು ರಜತಪದಕವನ್ನು ಸ್ವೀಕರಿಸಲೇ ಇಲ್ಲ. ಅವರ ಅಸಮಾಧಾನಕ್ಕೆ ಆಧಾರವಿದ್ದಿರಬಹುದು. ಆದರೆ ಅಲ್ಲಿ ಅವರು ದೂರಿದ್ದು ಅಧಿಕಾರಿಗಳ ತೀರ್ಪನ್ನು, ಜನರ ಕೂಗನ್ನಲ್ಲ. 2004ರ ಅಥೆನ್ಸಿನಲ್ಲಿ ಪೋರ್ಟೊರಿಕೋಗೆ 92–73ರಿಂದಲೂ, ಲಿಥುವೇನಿಯಾಕ್ಕೆ 94–90ರಿಂದಲೂ, ಅರ್ಜೆಂಟೀನಾಕ್ಕೆ 89–81ರಿಂದಲೂ ಸೋತು ಕಂಚಿನ ಪದಕದಿಂದ ತೃಪ್ತಿಪಡಬೇಕಾದಾಗ, ಅವರನ್ನು ಸೋಲಿಸಿದ್ದು ತಮ್ಮ ಅಸಿದ್ಧತೆಯೇ ಹೊರತು ಪ್ರೇಕ್ಷಕರಲ್ಲ. ಆ ಪಾಠವನ್ನು ಕಲಿತ ಮೇಲೆಯೇ 2008ರಿಂದ 2024ರವರೆಗೆ ಸತತವಾಗಿ ಐದು ಸುವರ್ಣಪದಕಗಳು ಅವರಿಗೆ ದೊರೆತವು. ಧಿಕ್ಕಾರಕ್ಕೆ ಉತ್ತರವು ಆಟದಲ್ಲಿರಬೇಕು. ಗೆದ್ದ ಮೇಲೆ ಪ್ರೇಕ್ಷಕರನ್ನು ಅಣಕಿಸುವ ಸನ್ನೆಗಳು ಗೆಲುವಿನ ತೂಕವನ್ನು ಹೆಚ್ಚಿಸುವುದಿಲ್ಲ.

ಪ್ಯಾರಿಸಿನ ಜನರಿಗೆ ಬುದ್ಧಿಹೇಳಿ ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಬಾಸ್ಕೆಟ್‌ಬಾಲ್ ನಮ್ಮಲ್ಲಿ ಅಷ್ಟು ಜನಪ್ರಿಯವಲ್ಲದಿದ್ದರೂ ಕ್ರಿಕೆಟ್ಟಿನ ಅಂಗಣದಲ್ಲಿ ನಮ್ಮ ಪರೀಕ್ಷೆಯು ಪದೇ ಪದೇ ನಡೆಯುತ್ತಿರುತ್ತದೆ. 1999ರ ಜನವರಿ 31ರಂದು ಚೆನ್ನೈಯ ಚೆಪಾಕಿನಲ್ಲಿ ಪಾಕಿಸ್ತಾನದ ತಂಡವು ಕೇವಲ 12 ಓಟಗಳಿಂದ ಭಾರತವನ್ನು ಸೋಲಿಸಿತು. ತೆಂಡೂಲ್ಕರರ 136 ಓಟಗಳ ಹೋರಾಟವು ವ್ಯರ್ಥವಾದ ಆ ಘಳಿಗೆಯಲ್ಲಿ, ನೆರೆದ ಜನರು ಎದ್ದುನಿಂತು ವಿಜಯಿಗಳಿಗೆ ಕರತಾಡನ ಮಾಡಿದರು. ಪಾಕಿಸ್ತಾನದ ಆಟಗಾರರು ಅಂಗಣವನ್ನು ಪ್ರದಕ್ಷಿಣೆಮಾಡಿ ಆ ಗೌರವವನ್ನು ಸ್ವೀಕರಿಸಿದರು. ಅಂದು ಸೋತ ಭಾರತವು ಗೆದ್ದಿದ್ದಕ್ಕಿಂತ ಹೆಚ್ಚಿನ ಕೀರ್ತಿಯನ್ನು ಪಡೆಯಿತೆಂಬುದರಲ್ಲಿ ಸಂದೇಹವಿಲ್ಲ. ಇದಕ್ಕೆ ಪ್ರತಿಯಾಗಿ 1996ರಲ್ಲಿ ಕಲಕತ್ತೆಯ ಈಡನ್ ಉದ್ಯಾನದಲ್ಲಿ ಶ್ರೀಲಂಕೆಯೊಡನೆ ನಡೆದ ವಿಶ್ವಕಪ್ಪಿನ ಉಪಾಂತ್ಯ ಪಂದ್ಯವನ್ನು ಪ್ರೇಕ್ಷಕರ ದಾಂಧಲೆಯಿಂದಾಗಿ ಮಧ್ಯದಲ್ಲಿಯೇ ನಿಲ್ಲಿಸಬೇಕಾಯಿತು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾದವರು ವಿಶ್ವಕಪ್ಪನ್ನು ಗೆದ್ದಾಗ, ಅದನ್ನು ಅವರ ಕೈಗೆ ಕೊಡುವ ಹೊತ್ತಿಗೆ ಆಸನಗಳಲ್ಲಿ ಬಹುಭಾಗವು ಬರಿದಾಗಿದ್ದಿತು. ದೊಡ್ಡ ಜನಸ್ತೋಮವನ್ನು ಮೌನಗೊಳಿಸುವುದಕ್ಕಿಂತ ಹೆಚ್ಚಿನ ತೃಪ್ತಿಯಿಲ್ಲವೆಂದು ಅವರ ನಾಯಕ ಪ್ಯಾಟ್ ಕಮಿನ್ಸರು ಹಿಂದಿನ ದಿನವೇ ಹೇಳಿದ್ದರು. ಚೆಪಾಕೂ ನಮ್ಮದು, ಈಡನ್ ಉದ್ಯಾನವೂ ನಮ್ಮದು. ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೆಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಈಗ ವಿಶೇಷವಾದ ಮಹತ್ವವು ಬಂದಿದೆ. 2036ರ ಒಲಿಂಪಿಕ್ ಕೂಟವನ್ನು ನಡೆಯಿಸುವ ಇಚ್ಛೆಯನ್ನು ಭಾರತವು 2024ರಲ್ಲಿ ಪತ್ರಮುಖೇನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ತಿಳಿಸಿದೆ. ಅಂಗಣಗಳನ್ನೂ ರಸ್ತೆಗಳನ್ನೂ ವಸತಿಗಳನ್ನೂ ಹಣದಿಂದ ಕಟ್ಟಬಹುದು. ಆದರೆ ಅಂಗಣದಲ್ಲಿ ಕುಳಿತುಕೊಳ್ಳುವ ಪ್ರೇಕ್ಷಕನನ್ನು ಯಾವ ಗುತ್ತಿಗೆದಾರನೂ ಕಟ್ಟಿಕೊಡಲಾರನು. ಅವನು ಶಾಲೆಯ ಆಟದ ಬಯಲಿನಲ್ಲಿ, ಊರೂರಿನ ಪಂದ್ಯಗಳಲ್ಲಿ, ಹಿರಿಯರ ನಡತೆಯನ್ನು ನೋಡಿ ತಯಾರಾಗಬೇಕು. ಉಪಾಧ್ಯಾಯರೂ ಕ್ರೀಡಾಸಂಘಗಳ ಅಧಿಕಾರಿಗಳೂ ಇದನ್ನು ತಮ್ಮ ಕರ್ತವ್ಯವೆಂದು ತಿಳಿಯಬೇಕು. ಎದುರಾಳಿಯ ಒಳ್ಳೆಯ ಎಸೆತಕ್ಕೂ ಒಂದು ಚಪ್ಪಾಳೆಯನ್ನು ಮಕ್ಕಳಿಗೆ ಕಲಿಸಬೇಕು.

ನಮ್ಮ ನಾಡಿನ ಮೇಲಣ ಪ್ರೀತಿಯು ಎಂದಿಗೂ ಕಡಮೆಯಾಗಬೇಕಾದುದಿಲ್ಲ. ನಮ್ಮವರು ಗೆಲ್ಲಲೆಂದು ಕೂಗೋಣ, ಪರರು ಸೋಲಲೆಂದೂ ಬಯಸೋಣ. ಆದರೆ ಎದುರಿಗೆ ನಿಂತವನ ಹುಟ್ಟು, ಮನೆ, ಪೌರತ್ವಗಳು ನಮ್ಮ ನಾಲಗೆಗೆ ಆಹಾರವಾಗದಿರಲಿ. ಪಂದ್ಯವು ಮುಗಿದ ಮೇಲೆ ಆತನು ನಮ್ಮ ಅತಿಥಿ. ತನ್ನ ಊರಿಗೆ ಹೋಗಿ ನಮ್ಮ ವಿಷಯದಲ್ಲಿ ಏನು ಹೇಳುವನೆಂಬುದು ನಾವು ಅವನನ್ನು ಹೇಗೆ ನಡೆಯಿಸಿಕೊಂಡೆವೆಂಬುದರ ಮೇಲೆ ನಿಂತಿದೆ.