ಬೆರಳಚ್ಚಿಗೂ ಒಂದು ಬೀಗ

ಮೀಂಜದ ಹಿರಿಯ ಕೃಷಿಕರೊಬ್ಬರು ಕಳೆದ ವಾರ ನನ್ನ ಕಚೇರಿಗೆ ಬಂದು ತಮ್ಮ ಸಿಬಿಲ್ ವರದಿಯ ಪ್ರತಿಯನ್ನು ಮೇಜಿನ ಮೇಲಿಟ್ಟರು. “ಇದರಲ್ಲಿ ಎಲ್ಲವೂ ಸರಿಯಿದೆಯಂತೆ ವಕೀಲರೇ. ಇನ್ನು ನನ್ನ ಹೆಸರಿನಲ್ಲಿ ಯಾರೂ ಮೋಸ ಮಾಡಲಾರರಲ್ಲವೇ?” ಎಂದು ಕೇಳಿದರು. ಹೌದೆನ್ನಲು ನನಗೆ ಸಾಧ್ಯವಾಗಲಿಲ್ಲ. ನಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಪಡೆದಿದ್ದರೆ ಆ ವರದಿ ತೋರಿಸುತ್ತದೆ. ಉಳಿತಾಯ ಖಾತೆಯಿಂದ ಹಣ ಹೋದುದನ್ನು ತೋರಿಸದು.

2023ರಲ್ಲಿ ಗಡಿಯಾಚೆಯ ಮಂಗಳೂರಿನಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಆಸ್ತಿ ನೋಂದಣಿಗಾಗಿ ಬೆರಳೊತ್ತಿ ಬಂದಿದ್ದ ಹಲವರ ಖಾತೆಗಳಿಂದ ಹಣ ಮಾಯವಾಯಿತು. ಅವರಿಗೆ ಒಟಿಪಿ ಬಂದಿರಲಿಲ್ಲ. ಅವರು ಯಾರಿಗೂ ಪಿನ್ ಹೇಳಿರಲಿಲ್ಲ. ಆಧಾರ್ ಮೂಲಕ ಹಣ ನೀಡುವ ಎಇಪಿಎಸ್ ವ್ಯವಸ್ಥೆಗೆ ಅವು ಬೇಕಾಗಿಯೇ ಇಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ದಸ್ತಾವೇಜುಗಳಲ್ಲಿದ್ದ ಬೆರಳಚ್ಚುಗಳೇ ವಂಚಕರ ಕೈಸೇರಿದ ಶಂಕೆ ಮೂಡಿತು. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಬೆರಳನ್ನು ಬದಲಿಸುವುದೆಂತು?

ಬದಲಿಸಲಾಗದಿದ್ದರೂ ಬೀಗ ಹಾಕಬಹುದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯವಿದೆ, ಶುಲ್ಕವಿಲ್ಲ. ಆದರೆ ಒಂದು ತೊಡಕುಂಟು. ಬೀಗ ಹಾಕಿದ ಬಳಿಕ ರೇಷನ್ ಅಂಗಡಿಯ ಯಂತ್ರವೂ ನಿಮ್ಮ ಬೆರಳನ್ನು ಒಪ್ಪದು. ಅಕ್ಕಿ ತರುವ ದಿನ ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕಾಗುತ್ತದೆ. ಈ ಕಿರಿಕಿರಿಯನ್ನು ಸಹಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಎಇಪಿಎಸ್ ಬಳಸದವರು ಅದನ್ನು ನಿಲ್ಲಿಸುವಂತೆ ಬ್ಯಾಂಕಿಗೆ ಲಿಖಿತ ಅರ್ಜಿಯನ್ನೂ ಕೊಡಬಹುದು.

ಹೆತ್ತವರಲ್ಲಿ ಇನ್ನೊಂದು ವಿನಂತಿ. ಮಗುವಿನ ಆಧಾರ್ ಪ್ರತಿ ಬೇಕೆಂದೊಡನೆ ಅದರ ಚಿತ್ರವನ್ನು ತರಗತಿಯ ವಾಟ್ಸಾಪ್ ಗುಂಪಿಗೇ ಹಾಕುವ ರೂಢಿ ನಮ್ಮಲ್ಲಿ ಬೆಳೆದಿದೆ. ನಲುವತ್ತು ಮನೆಗಳ ಫೋನುಗಳಲ್ಲಿ ಅದು ಉಳಿಯುತ್ತದೆ. ಪ್ರತಿಯ ಮೇಲೆ ಅಡ್ಡಲಾಗಿ ಉದ್ದೇಶವನ್ನೂ ದಿನಾಂಕವನ್ನೂ ಬರೆದು ಅಧ್ಯಾಪಕರ ಕೈಗೇ ಕೊಡಿ. ಪೂರ್ಣ ಸಂಖ್ಯೆ ಬೇಡದ ಕಡೆಗೆ ಕೊನೆಯ 4 ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂಬುದನ್ನು ಸಂಚಾರ್ ಸಾಥಿ ತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು.

ಇಷ್ಟಾಗಿಯೂ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ಗ್ರಾಹಕನದೂ ಬ್ಯಾಂಕಿನದೂ ಅಲ್ಲದಿದ್ದಾಗ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ದೂರಿತ್ತರೆ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ. ತಪ್ಪು ಗ್ರಾಹಕನದೆಂದು ರುಜುವಾತುಪಡಿಸುವ ಭಾರವೂ ಬ್ಯಾಂಕಿನ ಮೇಲೆಯೇ ಇದೆ. ಇನ್ನೊಬ್ಬರ ಗುರುತನ್ನು ಕದ್ದು ಬಳಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ವಿಧಿಯಂತೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡವಿದೆ. ಆದರೆ ಅವನು ಸಿಕ್ಕಿಬೀಳಬೇಕಲ್ಲ!

ಅಂದು ಆ ಕೃಷಿಕರ ಬೆರಳಚ್ಚಿಗೆ ಬೀಗ ಹಾಕಿಕೊಡಲು ನಾನೇ ಕುಳಿತೆ. ಒಟಿಪಿ ಬರಲಿಲ್ಲ. ಅವರ ಆಧಾರಿಗೆ ಜೋಡಣೆಯಾಗಿದ್ದುದು ಮಗ ದುಬೈಗೆ ತೆರಳುವ ಮೊದಲು ಬಳಸುತ್ತಿದ್ದ ಸಂಖ್ಯೆ. ಅದು ರದ್ದಾಗಿ ವರ್ಷಗಳೇ ಕಳೆದಿವೆ. ಈಗ ಬೇರೆ ಯಾರ ಕೈಯಲ್ಲಿದೆಯೋ ತಿಳಿಯದು. ಮರುದಿನ ಬೆಳಗ್ಗೆಯೇ ಆಧಾರ್ ಕೇಂದ್ರಕ್ಕೆ ಹೋಗುವೆನೆಂದು ಹೇಳಿ, ಸಿಬಿಲ್ ವರದಿಯನ್ನು ಮಡಚಿ ಕಿಸೆಗಿಟ್ಟುಕೊಂಡು ಎದ್ದರು.