ಹಳೆಯ ಕಾರಿನ ಬೆಲೆ ಮತ್ತು ಕಾಣದ ದಾಖಲೆ

ಮಂಗಳೂರಿನ ಬಿಜೈಯಲ್ಲಿ ನನ್ನ ನೆರೆಯವರಾದ ನಿವೃತ್ತ ಉಪನ್ಯಾಸಕರೊಬ್ಬರು ಕಳೆದ ತಿಂಗಳು ಹಳೆಯ ಕಾರೊಂದನ್ನು ಕೊಳ್ಳಲು ಹೊರಟರು. ಪತ್ನಿಯನ್ನು ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಮಳೆಗಾಲದಲ್ಲಿ ರಿಕ್ಷಾವನ್ನು ನಂಬಿ ಕೂರುವಂತಿಲ್ಲ. ಮಾರುವವರು ಕೇಳಿದ್ದು 4.75 ಲಕ್ಷ ರೂಪಾಯಿ. ನಿವೃತ್ತಿಯ ಇಡಗಂಟಿನಿಂದ ಅಷ್ಟನ್ನೂ ತೆಗೆಯಲು ಸಿದ್ಧರಾಗಿದ್ದ ಅವರು, ‘ಒಮ್ಮೆ ನೀವೂ ನೋಡಿ’ ಎಂದು ನನ್ನನ್ನು ಕರೆದರು. ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ವಾಹನ ಸಾಲದ ಕಡತಗಳನ್ನು ಕೆಲವು ವರ್ಷ ನೋಡಿದವನು, ಅಷ್ಟೆ.

ಕೆಎ-19 ನೋಂದಣಿಯ ಪೆಟ್ರೋಲ್ ಕಾರು. ಮಾಲೀಕರ ವಾದ ಸರಳವಾಗಿತ್ತು: ‘ಆನ್‌ರೋಡ್ ಏಳು ಲಕ್ಷದ ಮೇಲೆ ಕೊಟ್ಟಿದ್ದೇನೆ ಮಾರಾಯ್ರೇ, ಓಡಿದ್ದು ಬರೀ 41 ಸಾವಿರ ಕಿಲೋಮೀಟರ್.’ ಹಳೆಯ ಕಾರಿನ ಬೆಲೆ ನಮ್ಮಲ್ಲಿ ಹೆಚ್ಚಾಗಿ ಹೀಗೆ ಮಾರುವವರ ನೆನಪಿನಿಂದಲೇ ಹುಟ್ಟುತ್ತದೆ. ಆದರೆ ಆ ಏಳು ಲಕ್ಷದಲ್ಲಿ ಕಾರಿನ ಶೋರೂಂ ಬೆಲೆ ಆರು ಲಕ್ಷ ಮಾತ್ರ. ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ 14, ಅದರ ಮೇಲೆ ಸೆಸ್ ಬೇರೆ. ಉಳಿದದ್ದು ವಿಮೆ. ಇನ್ನೊಂದು ಲೆಕ್ಕವನ್ನು ಅವರು ಮರೆತಿದ್ದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಪರಿಹಾರ ಸೆಸ್ ಕೂಡ ಹೋಯಿತು. ಅಂದರೆ ಆರು ಲಕ್ಷದ ಪೆಟ್ರೋಲ್ ಕಾರಿನ ಬೆಲೆಯಲ್ಲಿ ತೆರಿಗೆಯ ಲೆಕ್ಕದಿಂದಲೇ ಸುಮಾರು 51 ಸಾವಿರ ಕಡಿಮೆಯಾಗಬೇಕು. ಹೊಸತರ ಬೆಲೆ ಇಳಿದಾಗ ಹಳತರದೂ ಇಳಿಯಲೇಬೇಕಲ್ಲವೇ?

ವಿಮಾ ಪತ್ರ ಕೇಳಿದೆ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯವನ್ನು ಕಂಪನಿಯೂ ಮಾಲೀಕರೂ ಪರಸ್ಪರ ಒಪ್ಪಿ ನಿಗದಿ ಮಾಡುತ್ತಾರೆ. ಈ ಪತ್ರದಲ್ಲಿದ್ದದ್ದು 3.20 ಲಕ್ಷ. ಪ್ರೀಮಿಯಂ ಕಟ್ಟುವಾಗ 3.20 ಲಕ್ಷದ ಕಾರು ಮಾರುವಾಗ 4.75 ಲಕ್ಷದ್ದಾಗಿತ್ತು! ಮಾಲೀಕರು ನಕ್ಕರು, ಉತ್ತರಿಸಲಿಲ್ಲ. ಆರ್‌ಸಿಯಲ್ಲಿ ನೋಂದಣಿ 2019ರ ಜನವರಿ, ತಯಾರಾದದ್ದು 2018ರ ಸೆಪ್ಟೆಂಬರ್. ಬೆಲೆ ಕೇಳುವಾಗ ಮಾತ್ರ ಅದು ‘2019ರ ಮಾಡೆಲ್’.

ಕಿಲೋಮೀಟರ್ ಸಂಖ್ಯೆಯ ಮೇಲೆ ನನಗೆ ಸಂಶಯ ಬಂದದ್ದು ಟಯರುಗಳಿಂದ. ಟಯರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನು, ಕೊನೆಯ ಎರಡು ವರ್ಷವನ್ನು ತಿಳಿಸುತ್ತವೆ. ನಾಲ್ಕೂ ಟಯರುಗಳು 2022ರವು; ಅಂದರೆ ಮೊದಲ ಜೊತೆ ಅಷ್ಟರಲ್ಲೇ ಬದಲಾಗಿದೆ. ಈ ಎರಡನೆಯ ಜೊತೆಯೂ ಸವೆತದ ಗುರುತಿನವರೆಗೆ ಬಂದಿತ್ತು. ಎಂಟು ಟಯರು ಸವೆಯಲು 41 ಸಾವಿರ ಕಿಲೋಮೀಟರ್ ಸಾಲದು. ಬಳಿಕ ಕರೆತಂದ ಮೆಕ್ಯಾನಿಕ್ ಡಿಕ್ಕಿಯ ಹಾಸನ್ನು ಎತ್ತಿ, ಸ್ಟೆಪ್ನಿ ಇಡುವ ಗುಂಡಿಯನ್ನು ತೋರಿಸಿದರು. ವೆಲ್ಡಿಂಗ್‌ನ ಗೆರೆಯುದ್ದಕ್ಕೂ ತುಕ್ಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಜೊತೆಗೆ ಉಪ್ಪು ಗಾಳಿ ಇರುವ ಊರಿನಲ್ಲಿ ಇದೇನೂ ಅಚ್ಚರಿಯಲ್ಲ. ಆದರೆ ಹೊರಗಿನ ಹೊಸ ಪೇಂಟಿಗೆ ಮರುಳಾದವರು ಅಲ್ಲಿ ಇಣುಕುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಸಂತೆಯನ್ನು ಉದಾಹರಣೆಯಾಗಿಟ್ಟುಕೊಂಡು ಪ್ರಬಂಧವೊಂದನ್ನು ಬರೆದರು. 2001ರ ನೊಬೆಲ್ ಪುರಸ್ಕಾರದ ಹಿಂದೆ ಇದ್ದದ್ದು ಆ ವಿಚಾರ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ಸಾಧಾರಣ ಬೆಲೆಯನ್ನಷ್ಟೇ ಕೊಡುತ್ತಾನೆ, ಒಳ್ಳೆಯ ಕಾರಿನ ಮಾಲೀಕ ಸಂತೆಯಿಂದ ಹಿಂದೆ ಸರಿಯುತ್ತಾನೆ. ನಷ್ಟ ಕೊಳ್ಳುವವನೊಬ್ಬನದೇ ಅಲ್ಲ, ಪ್ರಾಮಾಣಿಕವಾಗಿ ಮಾರುವವನದೂ ಹೌದು.

ಈ ಅಂತರವನ್ನು ಕಡಿಮೆ ಮಾಡಲು ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಹಳೆಯ ವಾಹನಗಳ ವ್ಯಾಪಾರಿಗಳು ಅಧಿಕೃತ ಮಾನ್ಯತೆ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಮಾಲೀಕತ್ವ ವರ್ಗಾವಣೆಯಾಗದೆ ಅಪಘಾತ ಸಂಭವಿಸಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಕಾರಿನ ದೇಹಸ್ಥಿತಿಯ ವಿಷಯಕ್ಕೆ ಬಂದರೆ ನಾವು ಕುರುಡರು. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷದ್ದು. ಅಲ್ಲಿಯವರೆಗೆ ಅದಕ್ಕೆ ನಿಯತ ಯಾಂತ್ರಿಕ ತಪಾಸಣೆಯೇ ಇಲ್ಲ. ನೆರೆಯಲ್ಲಿ ಮುಳುಗಿ ವಿಮಾ ಪರಿಹಾರ ಪಡೆದ ಕಾರಿನ ಮಾಹಿತಿ ವಿಮಾ ಕಂಪನಿಯ ಬಳಿ ಇರುತ್ತದೆ. ಆರ್‌ಸಿಯಲ್ಲಿ ಅದರ ಸುಳಿವಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ ದಾಟಿದ ಕಾರುಗಳು ಪ್ರತಿ ವರ್ಷ ಪರೀಕ್ಷೆಗೊಳಗಾಗುತ್ತವೆ. ಅಂದಿನ ಕಿಲೋಮೀಟರ್ ಸಂಖ್ಯೆ ದಾಖಲಾಗಿ ಯಾರಿಗೂ ಉಚಿತವಾಗಿ ಸಿಗುತ್ತದೆ. ಅಷ್ಟು ದೊಡ್ಡ ವ್ಯವಸ್ಥೆ ನಮಗೆ ತಕ್ಷಣ ಸಾಧ್ಯವಾಗಲಿಕ್ಕಿಲ್ಲ, ನಿಜ. ಆದರೆ ಹೊಗೆ ತಪಾಸಣೆಗೆ ನಾವೆಲ್ಲ ಹೇಗೂ ಹೋಗುತ್ತೇವಲ್ಲ? ಅಲ್ಲಿ ಮೀಟರಿನ ಸಂಖ್ಯೆಯನ್ನೂ ನಮೂದಿಸಿ ‘ವಾಹನ್’ ಜಾಲತಾಣದಲ್ಲಿ ತೋರಿಸಲು ಎಷ್ಟು ಖರ್ಚಾದೀತು?

ನೆರೆಯವರು 3.10 ಲಕ್ಷಕ್ಕೆ ಕೇಳಿದರು. ಮಾಲೀಕರು ಒಪ್ಪಲಿಲ್ಲ, ನಾಲ್ಕೇ ದಿನದಲ್ಲಿ ಕಾರು ಬೇರೆಯವರ ಪಾಲಾಯಿತು, ಎಷ್ಟಕ್ಕೆಂದು ಹೇಳಲಿಲ್ಲ. ಆ ವಾರ ನನ್ನ ಕಾರಿನ ಹೊಗೆ ತಪಾಸಣೆ ಇತ್ತು. ಹುಡುಗ ನಂಬರ್ ಪ್ಲೇಟಿನ ಫೋಟೊ ತೆಗೆದ, ಸೈಲೆನ್ಸರಿಗೆ ಕೊಳವೆ ತೂರಿಸಿದ, ಚೀಟಿ ಕೊಟ್ಟ. ಮೀಟರಿನತ್ತ ಅವನು ನೋಡಲೇ ಇಲ್ಲ. ನೆರೆಯವರು ಈಗಲೂ ರಿಕ್ಷಾದಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದಾರೆ.